ಓಡುವ ಕಾಲಿಗೆ ತಕ್ಕ ಜೋಡು

ಮನುಷ್ಯನ ಉಡುಗೆ ತೊಡುಗೆಗಳಲ್ಲೆಲ್ಲ ಪಾದರಕ್ಷೆಗೆ ದೊರೆತಷ್ಟು ಅನಾದರ ಮತ್ತಾವುದಕ್ಕೂ ದೊರೆತಂತಿಲ್ಲ. ರುಮಾಲನ್ನು ಗೂಟಕ್ಕೆ ಏರಿಸುತ್ತೇವೆ. ಅಂಗಿಯನ್ನು ಮಡಿಸಿ ಪೆಟ್ಟಿಗೆಯಲ್ಲಿಡುತ್ತೇವೆ. ಕಾಲಿನ ಜೋಡನ್ನು ಮಾತ್ರ ಹೊಸ್ತಿಲಿನ ಆಚೆಗೇ ಬಿಟ್ಟು ಒಳಗೆ ನಡೆಯುತ್ತೇವೆ. ಆದರೆ ಹೆಸರಿಡುವಲ್ಲಿ ನಮ್ಮ ನುಡಿ ಜಿಪುಣತನ ತೋರಿಲ್ಲ. ಕೆರ, ಎಕ್ಕಡ, ಮೆಟ್ಟು, ಚಮ್ಮಾವುಗೆ, ಜೋಡು, ಪಾದರಕ್ಷೆ, ಉತ್ತರದ ಜಿಲ್ಲೆಗಳ ಆಡುಮಾತಿನ ಕಾಲ್ಮರಿ - ಹೀಗೆ ಸಾಲು ಬೆಳೆಯುತ್ತದೆ. ಇವುಗಳಲ್ಲಿ ಮೂರನ್ನು ಆಯ್ದು ನೋಡಿದರೆ ಅವುಗಳ ಒಳಗೆ ಒಂದು ಪುಟ್ಟ ಲಕ್ಷಣಗ್ರಂಥವೇ ಅಡಗಿರುವಂತೆ ತೋರುತ್ತದೆ. ‘ಜೋಡು’ ಎಂದ ಮೇಲೆ ಅದು ಎರಡು ಪಾದಗಳಿಗೂ ಒಪ್ಪಬೇಕು. ‘ಮೆಟ್ಟು’ ಎಂದ ಮೇಲೆ ಮೆಟ್ಟುವ ನೆಲದ ಗುಣವನ್ನು ಅರಿತಿರಬೇಕು. ‘ಪಾದರಕ್ಷೆ’ ಎಂದ ಮೇಲೆ ಪಾದವನ್ನು ಕಾಯಬೇಕು. ಓಟವನ್ನು ಹೊಸದಾಗಿ ಕೈಗೊಳ್ಳುವ ತರುಣ ತರುಣಿಯರು ತಮಗೆ ಬೇಕಾದ ಬೂಟನ್ನು ಆರಿಸಿಕೊಳ್ಳುವ ಬಗೆ ಹೇಗೆ ಎಂಬ ಪ್ರಶ್ನೆಗೆ ಈ ಮೂರು ಹೆಸರುಗಳೇ ದಾರಿ ತೋರಬಲ್ಲವು.

ಸಾಹಿತ್ಯದ ಪುಟದಲ್ಲಿ ಬೂಟಿನ ಮಾತೇಕೆ ಎಂದು ಹುಬ್ಬೇರಿಸುವವರೂ ಇರಬಹುದು. ಬೀದರ ಜಿಲ್ಲೆಯವರಿಗಂತೂ ಈ ವಿಷಯ ಪರಕೀಯವಲ್ಲ. ನಮ್ಮ ಬಸವಕಲ್ಯಾಣವೇ ಹನ್ನೆರಡನೆಯ ಶತಮಾನದ ಶರಣ ಸಮಗಾರ ಹರಳಯ್ಯನ ಕಾರ್ಯಕ್ಷೇತ್ರ. ಬಸವಣ್ಣನು ತನ್ನ ಒಂದು ಶರಣಿಗೆ ಎರಡು ಶರಣು ಹೇಳಿದನೆಂಬ ಭಾರವನ್ನು ಇಳಿಸಿಕೊಳ್ಳಲು ಹರಳಯ್ಯನೂ ಅವನ ಸತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮವನ್ನೇ ತೆಗೆದು ಪಾದರಕ್ಷೆ ಹೊಲಿದರೆಂದೂ, ಬಸವಣ್ಣನು ಅವನ್ನು ಮೆಟ್ಟದೆ ತಲೆಯ ಮೇಲೆ ಹೊತ್ತನೆಂದೂ ಐತಿಹ್ಯ ಹೇಳುತ್ತದೆ. ಆ ಕಥೆಯ ಅಧ್ಯಾತ್ಮವನ್ನು ಬಲ್ಲವರು ವಿವರಿಸಲಿ. ನಮ್ಮ ಪ್ರಸ್ತುತಕ್ಕೆ ಬೇಕಾದದ್ದು ಒಂದು ಸಾಮಾನ್ಯ ಸಂಗತಿ: ಅಂದಿನ ಸಮಗಾರ ಕಾಲನ್ನು ನೋಡಿ ಜೋಡು ಹೊಲಿಯುತ್ತಿದ್ದ. ಇಂದಿನ ಕಾರ್ಖಾನೆ ಕಾಲನ್ನು ಕಾಣದೆ ಲಕ್ಷಾಂತರ ಜೋಡುಗಳನ್ನು ಹೊಲಿದು ಕಳಿಸುತ್ತದೆ. ಸಮಗಾರನು ಮಾಡುತ್ತಿದ್ದ ಆ ಪರೀಕ್ಷೆಯ ಹೊಣೆ ಈಗ ಕೊಳ್ಳುವವನ ಮೇಲೆಯೇ ಬಿದ್ದಿದೆ. ಆ ಹೊಣೆಯನ್ನು ಅರಿಯದೆ ಅಂಗಡಿಗೆ ಹೋಗುವವರೇ ಹೆಚ್ಚು.

ಬೀದರ ನಗರದ ನೆಹರು ಕ್ರೀಡಾಂಗಣದಲ್ಲಿ, ಕೋಟೆಯ ಸುತ್ತಣ ರಸ್ತೆಗಳಲ್ಲಿ, ಭಾಲ್ಕಿ ಮತ್ತು ಔರಾದಿನ ಊರ ಹೊರಗಿನ ದಾರಿಗಳಲ್ಲಿ ಬೆಳಕು ಹರಿಯುವ ಮುನ್ನವೇ ಓಡುವವರನ್ನು ಕಾಣಬಹುದು. ಕೆಲವರು ವೈದ್ಯರ ಮಾತಿಗೆ ಕಟ್ಟುಬಿದ್ದು ಓಡುವ ನಡುವಯಸ್ಸಿನವರು. ಬಹುಮಂದಿ ಮಾತ್ರ ಕಾಲೇಜಿನ ಹುಡುಗ ಹುಡುಗಿಯರು. ಪೊಲೀಸ್ ನೇಮಕ, ಸೇನೆಯ ನೇಮಕ ಇವರ ಕನಸು. ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷರು ೧೬೦೦ ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ, ಮಹಿಳೆಯರು ೪೦೦ ಮೀಟರ್ ದೂರವನ್ನು ೨ ನಿಮಿಷದೊಳಗೆ ಓಡಿ ಮುಗಿಸಬೇಕು. ಒಂದು ತೊಗರಿಯ ಬೆಳೆ, ಒಂದು ಸೋಯಾ ಬೆಳೆಯ ಮೇಲೆ ವರ್ಷವನ್ನು ನೂಕುವ ಮನೆಗೆ ಆ ಆರೂವರೆ ನಿಮಿಷವೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಮನೆಯ ಹುಡುಗ ಓಟಕ್ಕೆಂದು ಬೂಟು ಕೊಳ್ಳುವ ರೀತಿಯನ್ನು ಗಮನಿಸಿರಿ. ಗೆಳೆಯನ ಕಾಲಲ್ಲಿ ಕಂಡದ್ದನ್ನೋ, ಚಿತ್ರದಲ್ಲಿ ದೊಡ್ಡ ಓಟಗಾರನು ತೊಟ್ಟದ್ದನ್ನೋ ಮನಸ್ಸಿನಲ್ಲಿ ಇಟ್ಟುಕೊಂಡು ಹೋಗುತ್ತಾನೆ. ಅಸಲು ಕೊಳ್ಳುವ ಶಕ್ತಿಯಿಲ್ಲದಿದ್ದರೆ ಅದೇ ಗುರುತಿನ ನಕಲನ್ನು ಕೊಳ್ಳುತ್ತಾನೆ. ಶಕ್ತಿಯಿಲ್ಲದಿದ್ದರೂ ಅಸಲೇ ಬೇಕೆಂದರೆ ಅಪ್ಪ ಸಾಲ ಮಾಡುತ್ತಾನೆ. ಬಣ್ಣ ನೋಡುತ್ತಾನೆ, ಹೆಸರು ನೋಡುತ್ತಾನೆ, ಬೆಲೆ ನೋಡುತ್ತಾನೆ. ನೋಡದೆ ಉಳಿಯುವುದು ತನ್ನ ಕಾಲೊಂದೇ. ಮೂರು ವಾರಗಳ ಮೇಲೆ ಕಣಕಾಲಿನ ಮುಂದಣ ಎಲುಬು ನೋಯತೊಡಗುತ್ತದೆ, ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ, ಹಿಮ್ಮಡಿಯಲ್ಲಿ ಗುಳ್ಳೆ ಏಳುತ್ತದೆ. ಓಟ ನನ್ನ ಹಣೆಯಲ್ಲಿ ಬರೆದಿಲ್ಲವೆಂದು ಹುಡುಗ ಕೈಬಿಡುತ್ತಾನೆ. ಬರೆಯದೆ ಹೋದದ್ದು ಹಣೆಯಲ್ಲಲ್ಲ. ಅಂಗಡಿಯಲ್ಲಿ ತೆಗೆದುಕೊಳ್ಳಬೇಕಾಗಿದ್ದ ಅಳತೆಯ ಚೀಟಿಯಲ್ಲಿ.

ನಡಿಗೆಗೂ ಓಟಕ್ಕೂ ಇರುವ ಭೇದವನ್ನು ಮೊದಲು ತಿಳಿಯಬೇಕು. ನಡೆಯುವಾಗ ಒಂದಲ್ಲ ಒಂದು ಕಾಲು ಸದಾ ನೆಲದ ಮೇಲಿರುತ್ತದೆ. ಓಡುವಾಗ ಪ್ರತಿಯೊಂದು ಹೆಜ್ಜೆಗೂ ದೇಹ ಒಂದು ಕ್ಷಣ ಗಾಳಿಯಲ್ಲಿದ್ದು, ಅನಂತರ ಒಂದೇ ಕಾಲಿನ ಮೇಲೆ ಇಳಿಯುತ್ತದೆ. ಆಗ ಪಾದವು ತಾಳಿಕೊಳ್ಳುವ ಭಾರ ದೇಹದ ತೂಕದ ಎರಡರಿಂದ ಮೂರು ಪಟ್ಟು. ೬೦ ಕಿಲೋ ತೂಗುವ ಹುಡುಗನ ಪಾದ ಒಂದೊಂದು ಹೆಜ್ಜೆಗೂ ೧೨೦ರಿಂದ ೧೮೦ ಕಿಲೋ ಭಾರವನ್ನು ಹೊರುತ್ತದೆ. ೧೬೦೦ ಮೀಟರ್ ಮುಗಿಯುವಷ್ಟರಲ್ಲಿ ಇಂಥ ಹೆಜ್ಜೆಗಳು ಸಾವಿರವನ್ನು ಮೀರುತ್ತವೆ. ಸಾವಿರ ಸಲ ಮರುಕಳಿಸುವಾಗ ಒಂದು ಸಣ್ಣ ಒತ್ತು, ಒಂದು ಸಣ್ಣ ಉಜ್ಜು ಸಣ್ಣದಾಗಿ ಉಳಿಯುವುದಿಲ್ಲ. ಅಂಗಡಿಯ ಗಾದಿಯ ಮೇಲೆ ಕುಳಿತು ತೊಟ್ಟಾಗ ‘ಸ್ವಲ್ಪ ಬಿಗಿ, ನಡೆಯುತ್ತದೆ’ ಎನಿಸಿದ್ದು ನೆಲದ ಮೇಲೆ ನಡೆಯುವುದಿಲ್ಲವೆಂಬುದಕ್ಕೆ ಕಾರಣ ಇದು.

ಇನ್ನು ‘ಜೋಡು’ ಎಂಬ ಮಾತಿನ ಅರ್ಥಕ್ಕೆ ಬರೋಣ. ಮನುಷ್ಯನ ಎರಡು ಪಾದಗಳು ಅಳತೆಯಲ್ಲಿ ಒಂದೇ ಆಗಿರುವುದು ಅಪರೂಪ. ಆದ್ದರಿಂದ ಎರಡನ್ನೂ ಅಳೆಯಬೇಕು. ದೊಡ್ಡದಾದುದಕ್ಕೆ ಒಪ್ಪುವಂತೆ ಕೊಳ್ಳಬೇಕು. ಅಳೆಯುವುದು ಕುಳಿತಲ್ಲ, ನಿಂತು. ಮೈಭಾರ ಬಿದ್ದಾಗಲೇ ಪಾದ ತನ್ನ ನಿಜವಾದ ಉದ್ದಗಲಕ್ಕೆ ಹರಡಿಕೊಳ್ಳುತ್ತದೆ. ಬೆಳಗಿನ ಹೊತ್ತಿಗಿಂತ ಸಂಜೆ ಅಳೆಯುವುದು ಮೇಲು. ಹಗಲೆಲ್ಲ ಓಡಾಡಿದ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಓಡುವಾಗಲೂ ಅದು ಹಾಗೆಯೇ ಊದಿಕೊಳ್ಳುತ್ತದೆ. ಮನೆಯಲ್ಲಿಯೇ ಗೋಡೆಗೆ ಹಿಮ್ಮಡಿ ತಾಗಿಸಿ, ಕಾಗದದ ಮೇಲೆ ನಿಂತು, ಎಲ್ಲಕ್ಕಿಂತ ಉದ್ದವಾದ ಬೆರಳಿನ ತುದಿಗೆ ಸೀಸದಕಡ್ಡಿಯಿಂದ ಗುರುತು ಹಾಕಿದರೆ ಪಾದದ ಉದ್ದ ಸೆಂಟಿಮೀಟರಿನಲ್ಲಿ ಸಿಕ್ಕುತ್ತದೆ. ಉದ್ದವಾದ ಬೆರಳೆಂದರೆ ಹೆಬ್ಬೆರಳೇ ಎಂದು ತಿಳಿಯಬಾರದು; ಹಲವರಿಗೆ ಎರಡನೆಯ ಬೆರಳೇ ಮುಂದೆ ಚಾಚಿರುತ್ತದೆ.

ಸೆಂಟಿಮೀಟರೇ ಏಕೆ ಎಂದರೆ, ಬೂಟಿನ ಪೆಟ್ಟಿಗೆಯ ಮೇಲಿನ ಸಂಖ್ಯೆಗಳನ್ನು ನಂಬುವಂತಿಲ್ಲ. ಇಂಗ್ಲಿಷರ ಹಳೆಯ ಲೆಕ್ಕದಲ್ಲಿ ಮೂರು ಜವೆಕಾಳುಗಳ ಉದ್ದ ಒಂದು ಇಂಚು. ಅವರ ಪಾದರಕ್ಷೆಯ ಒಂದು ಸಂಖ್ಯೆಗೂ ಮುಂದಿನದಕ್ಕೂ ಇರುವ ಅಂತರ ಒಂದು ಜವೆಕಾಳು, ಅಂದರೆ ಸುಮಾರು ೮.೫ ಮಿಲಿಮೀಟರ್. ನಮ್ಮ ಕೌಟಿಲ್ಯನೂ ಎಂಟು ಜವೆಗಳ ಅಗಲಕ್ಕೆ ಒಂದು ಅಂಗುಲವೆಂದು ಲೆಕ್ಕ ಹಿಡಿದವನೇ. ಧಾನ್ಯದ ಕಾಳು ಎಲ್ಲ ದೇಶಗಳಲ್ಲಿಯೂ ಮೊದಲ ಅಳತೆಗೋಲಾಗಿತ್ತೆಂಬುದು ಸೋಜಿಗವಲ್ಲ. ಯುರೋಪಿನ ಉಳಿದ ಕಡೆ ಒಂದು ಸಂಖ್ಯೆಯ ಅಂತರ ಸುಮಾರು ೬.೭ ಮಿಲಿಮೀಟರ್. ಅಮೆರಿಕದವರು ಜವೆಯ ಅಂತರವನ್ನೇ ಇಟ್ಟುಕೊಂಡರೂ ಎಣಿಕೆಯನ್ನು ಬೇರೊಂದು ಕಡೆಯಿಂದ ಆರಂಭಿಸುತ್ತಾರೆ. ಹೀಗಾಗಿ ಒಬ್ಬನ ಪಾದವೇ ಇಂಗ್ಲೆಂಡಿನಲ್ಲಿ ೮, ಅಮೆರಿಕದಲ್ಲಿ ೯, ಯುರೋಪಿನಲ್ಲಿ ೪೨ ಎನಿಸಿಕೊಳ್ಳುತ್ತದೆ. ಸಾಲದೆಂಬಂತೆ ಒಂದು ಕಂಪನಿಯ ೮ಕ್ಕೂ ಮತ್ತೊಂದರ ೮ಕ್ಕೂ ಹೊಂದುವುದಿಲ್ಲ.

ಈ ಅಳತೆಗಳೆಲ್ಲ ಪರದೇಶದ ಪಾದವನ್ನು ನೋಡಿ ಹುಟ್ಟಿದವು. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯು ದೇಶದ ಬೇರೆ ಬೇರೆ ಭಾಗಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಯಂತ್ರದಿಂದ ಅಳೆದು ನೋಡಿದಾಗ, ಭಾರತೀಯರ ಪಾದ ಸಾಮಾನ್ಯವಾಗಿ ಮುಂಭಾಗದಲ್ಲಿ ಹೆಚ್ಚು ಅಗಲವೆಂಬುದು ತಿಳಿದುಬಂದಿತು. ಅದರ ಆಧಾರದ ಮೇಲೆ ‘ಭಾ’ ಎಂಬ ಹೆಸರಿನ ನಮ್ಮದೇ ಅಳತೆಯ ಕ್ರಮವೊಂದನ್ನು ೨೦೨೪ರ ಸುಮಾರಿಗೆ ಸೂಚಿಸಲಾಯಿತು. ಬರಿಗಾಲಲ್ಲಿ, ಚಪ್ಪಲಿಯಲ್ಲಿ ಬೆಳೆದ ನಮ್ಮ ಹಳ್ಳಿಯ ಹುಡುಗರ ಬೆರಳುಗಳು ಬೀಸಣಿಗೆಯಂತೆ ಹರಡಿರುತ್ತವೆ. ಅಗಲ ಸಾಲದ ಬೂಟನ್ನು ತೊಡಲಾರದೆ ಅವರು ಒಂದು ಸಂಖ್ಯೆ ದೊಡ್ಡದನ್ನು ಕೊಳ್ಳುತ್ತಾರೆ. ಅಗಲದ ಕಷ್ಟ ತಪ್ಪುತ್ತದೆ, ಉದ್ದದ ಕಷ್ಟ ಅಂಟಿಕೊಳ್ಳುತ್ತದೆ. ಹಿಮ್ಮಡಿ ಒಳಗೇ ಜಾರಾಡಿ ಗುಳ್ಳೆ ಏಳುವುದು ಇದರಿಂದ. ಉದ್ದ ಸರಿಯಿದ್ದು ಅಗಲ ಸಾಲದಿದ್ದರೆ ಸಂಖ್ಯೆಯನ್ನಲ್ಲ, ಬೂಟನ್ನೇ ಬದಲಿಸಬೇಕು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆಗಳು ಸುಲಭವಾದವು. ಓಡುವಾಗ ಹಾಕಿಕೊಳ್ಳುವ ಕಾಲುಚೀಲವನ್ನು ಜೊತೆಗೆ ಒಯ್ಯಬೇಕು. ಎರಡೂ ಬೂಟುಗಳನ್ನು ತೊಟ್ಟು, ದಾರ ಬಿಗಿದು, ಎದ್ದು ನಿಲ್ಲಬೇಕು. ಉದ್ದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಎಡೆ ಉಳಿಯಬೇಕು. ಬೆರಳುಗಳು ಒಳಗೆ ಮೇಲೆ ಕೆಳಗೆ ಆಡಬೇಕು. ಪಾದದ ಅತ್ಯಂತ ಅಗಲವಾದ ಭಾಗವನ್ನು ಬದಿಗಳು ಹಿಂಡಬಾರದು. ಹಿಮ್ಮಡಿ ಮಾತ್ರ ಕದಲದೆ ನಿಲ್ಲಬೇಕು. ಬೂಟನ್ನು ಕೈಯಲ್ಲಿ ಹಿಡಿದು ಬಾಗಿಸಿದರೆ ಬೆರಳುಗಳ ಬುಡ ಬರುವಲ್ಲಿ ಬಾಗಬೇಕೇ ಹೊರತು ನಟ್ಟನಡುವೆ ಮಡಿಸಿಕೊಳ್ಳಬಾರದು. ಅನಂತರ ಅಂಗಡಿಯ ಮುಂದಿನ ಬಯಲಲ್ಲಿ ಇಪ್ಪತ್ತು ಮಾರು ಮೆಲ್ಲಗೆ ಓಡಿ ನೋಡಬೇಕು. ಅಂಗಡಿಯವರು ನಗಬಹುದು, ನಕ್ಕರೆ ನಷ್ಟವಿಲ್ಲ. ‘ನಾಲ್ಕು ದಿನ ತೊಟ್ಟರೆ ಸಡಿಲವಾಗುತ್ತದೆ’ ಎಂಬ ಮಾತನ್ನು ಮಾತ್ರ ಒಪ್ಪಬಾರದು. ಆ ಮಾತು ತೊಗಲಿನ ಮೆಟ್ಟಿಗೆ ಸಲ್ಲುತ್ತಿತ್ತು. ಎಣ್ಣೆ ಹಚ್ಚಿ ಮೆಟ್ಟಿದಷ್ಟೂ ತೊಗಲು ಕಾಲಿಗೆ ಹೊಂದಿಕೊಳ್ಳುತ್ತಿತ್ತು. ಇಂದಿನ ಓಟದ ಬೂಟು ನೂಲಿನ ಜಾಳಿಗೆ, ಹಗುರಾದ ನೊರೆಯ ಅಟ್ಟೆ; ಮೊದಲ ದಿನ ಒತ್ತುವುದು ಕೊನೆಯ ದಿನವೂ ಒತ್ತುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತನ್ನು ಬೇರೆಯಾಗಿ ಹೇಳಬೇಕು. ಅಣ್ಣನ ಹಳೆಯ ಬೂಟನ್ನೇ ತಂಗಿ ತೊಟ್ಟು ಓಡುವುದು ನಮ್ಮ ಕಡೆ ಅಪರೂಪವಲ್ಲ. ಸಾಮಾನ್ಯವಾಗಿ ಹೆಣ್ಣಿನ ಹಿಮ್ಮಡಿ ಪಾದದ ಮುಂಭಾಗಕ್ಕೆ ಹೋಲಿಸಿದರೆ ಕಿರಿದು. ಗಂಡಸರ ಅಚ್ಚಿನ ಮೇಲೆ ಮಾಡಿದ ಬೂಟಿನಲ್ಲಿ ಅದು ಸಡಿಲಾಗುತ್ತದೆ. ಅಲ್ಲದೆ ಒಬ್ಬರ ಹೆಜ್ಜೆಗೆ ಸವೆದ ಅಟ್ಟೆ ಮತ್ತೊಬ್ಬರ ಹೆಜ್ಜೆಗೆ ಹೊಂದುವುದಿಲ್ಲ. ಮನೆಯಲ್ಲಿ ಒಂದೇ ಜೋಡಿಗೆ ಹಣವಿದ್ದು ಇಬ್ಬರು ಓಡುವವರಿದ್ದರೆ, ಒಂದು ಹೆಸರುವಾಸಿ ಜೋಡಿಯ ಬದಲು ಎರಡು ಸಾಧಾರಣ ಜೋಡಿಗಳನ್ನು ತರುವುದೇ ನ್ಯಾಯ.

ಎರಡನೆಯದು ‘ಮೆಟ್ಟು’, ಅಂದರೆ ನೆಲದ ವಿಚಾರ. ಕರಾವಳಿಯ ಕಂಬಳದಲ್ಲಿ ಕೋಣಗಳ ಹಿಂದೆ ಕೆಸರುಗದ್ದೆಯಲ್ಲಿ ಓಡುವವನಿಗೆ ಬರಿಗಾಲೇ ಸರಿಯಾದ ಜೋಡು. ನಮ್ಮ ಜಿಲ್ಲೆಯಲ್ಲಿ ಎರಡು ಬಗೆಯ ನೆಲವಿದೆ. ಬೀದರ ನಗರ ನಿಂತಿರುವುದು ಜಂಬಿಟ್ಟಿಗೆಯ ಎತ್ತರದ ಬಯಲಿನ ಮೇಲೆ. ಕೋಟೆಯ ಗೋಡೆಗಳಲ್ಲಿ ಕಾಣುವ ಆ ಕೆಂಪು ಕಲ್ಲೇ ಕಾಲಡಿಯಲ್ಲಿಯೂ ಇದೆ. ಅಲ್ಲಿಯ ಗರಸಿನ ದಾರಿ ಮಳೆಯ ಮರುದಿನವೇ ಓಡಲು ಬರುತ್ತದೆ, ಆದರೆ ಸಣ್ಣ ಹರಳುಗಳು ತೆಳುವಾದ ಅಟ್ಟೆಯನ್ನು ಚುಚ್ಚುತ್ತವೆ. ಭಾಲ್ಕಿ, ಔರಾದಿನ ಕಡೆಗೆ ಇಳಿದರೆ ಎರೆ ನೆಲ. ಬೇಸಗೆಯಲ್ಲಿ ಅದು ಬಿರಿದು, ಕಾಲು ಹೊರಳುವಂಥ ಸೀಳುಗಳನ್ನು ಬಿಡುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ಬೂಟಿನ ತಳಕ್ಕೆ ಅಂಟಿ, ನೂರು ಹೆಜ್ಜೆಗೆ ಒಂದೊಂದು ಕಾಲಿಗೂ ಸೇರುಗಟ್ಟಲೆ ಭಾರ ಕಟ್ಟುತ್ತದೆ. ಆಳವಾದ ಹಲ್ಲುಗಳಿರುವ ಅಟ್ಟೆಯಾದರೆ ಇನ್ನೂ ಹೆಚ್ಚು.

ಆದ್ದರಿಂದ ಡಾಂಬರು ರಸ್ತೆಯ ಮೇಲೆಯೇ ಹೆಚ್ಚು ಓಡುವವರು ಸಾಧಾರಣ ಮೆತ್ತೆಯುಳ್ಳ, ಸಮತಟ್ಟಾದ ತಳದ ಬೂಟನ್ನು ಆರಿಸಬೇಕು. ಗರಸಿನ ದಾರಿಯವರಿಗೆ ಹರಳನ್ನು ತಡೆಯುವಷ್ಟು ಗಟ್ಟಿಯಾದ, ಸಣ್ಣ ಹಲ್ಲುಗಳಿರುವ ಅಟ್ಟೆ ಒಳ್ಳೆಯದು. ಎರೆ ನೆಲದವರಿಗೆ ಮಳೆಗಾಲದ ನಾಲ್ಕು ತಿಂಗಳು ಬೂಟಿನ ಬದಲಾವಣೆಗಿಂತ ದಾರಿಯ ಬದಲಾವಣೆಯೇ ಉಪಾಯ. ಹೊಲದ ಬದಿಯನ್ನು ಬಿಟ್ಟು ರಸ್ತೆಗೆ ಬರಬೇಕು. ಒದ್ದೆಯಾದ ಬೂಟನ್ನು ಒಲೆಯ ಮುಂದಾಗಲಿ ನಮ್ಮ ಏಪ್ರಿಲ್ ತಿಂಗಳ ಬಿಸಿಲಿನಲ್ಲಾಗಲಿ ಒಣಗಿಸಿದರೆ ಅಂಟು ಬಿಡುತ್ತದೆ, ಅಟ್ಟೆ ಗಡುಸಾಗುತ್ತದೆ. ಒಳಗೆ ಹಳೆಯ ಪತ್ರಿಕೆಯನ್ನು ತುರುಕಿ ನೆರಳಿನಲ್ಲಿ ಇಡಬೇಕು. ಓದಿ ಮುಗಿದ ಮೇಲೆ ಈ ಪುರವಣಿಯೂ ಆ ಸೇವೆಗೆ ಒದಗಿದರೆ ಲೇಖಕನಿಗೆ ಬೇಸರವಿಲ್ಲ.

ಮೂರನೆಯದು ‘ಪಾದರಕ್ಷೆ’: ಕಾಯುವ ಮಾತು. ಇಲ್ಲಿಯೇ ವ್ಯಾಪಾರದ ಮಾತುಗಾರಿಕೆ ಹೆಚ್ಚು. ಒದ್ದೆಗಾಲಿನ ಗುರುತನ್ನು ನೆಲದ ಮೇಲೆ ನೋಡಿ, ಪಾದದ ಕಮಾನು ಎತ್ತರವೋ ತಗ್ಗೋ ಎಂದು ತಿಳಿದು, ಅದಕ್ಕೆ ತಕ್ಕ ಬಗೆಯ ಬೂಟನ್ನು ಕೊಂಡರೆ ಪೆಟ್ಟಾಗುವುದಿಲ್ಲವೆಂದು ಬಹುಕಾಲ ಬೋಧಿಸಲಾಗುತ್ತಿತ್ತು. ಅಮೆರಿಕದ ಭೂಸೇನೆ, ವಾಯುಸೇನೆ ಮತ್ತು ನೌಕಾದಳದ ಪದಾತಿಗಳ ತರಬೇತಿಯಲ್ಲಿ ಸಾವಿರಾರು ಹೊಸಬರ ಮೇಲೆ ಈ ಮಾತನ್ನು ಪರೀಕ್ಷಿಸಿದರು. ೨೦೦೯ ಮತ್ತು ೨೦೧೦ರಲ್ಲಿ ಪ್ರಕಟವಾದ ಆ ಅಧ್ಯಯನಗಳಲ್ಲಿ, ಕಮಾನು ನೋಡಿ ಬೂಟು ಕೊಟ್ಟವರಿಗೂ ಎಲ್ಲರಿಗೂ ಒಂದೇ ಬಗೆಯ ಬೂಟು ಕೊಟ್ಟವರಿಗೂ ಆದ ನೋವುಗಳಲ್ಲಿ ಗಣ್ಯವಾದ ಭೇದ ಕಾಣಲಿಲ್ಲ. ಬೆಲೆಯ ವಿಷಯವೂ ಹೀಗೆಯೇ. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸಂಶೋಧಕರು ಕಡಮೆ, ನಡುವಣ, ಹೆಚ್ಚು ಎಂಬ ಮೂರು ಬೆಲೆಯ ಬೂಟುಗಳನ್ನು ಹೋಲಿಸಿ, ಅಂಗಾಲಿನ ಒತ್ತಡವನ್ನು ತಗ್ಗಿಸುವುದರಲ್ಲಾಗಲಿ ಹಿತದಲ್ಲಾಗಲಿ ಬೆಲೆಗೆ ತಕ್ಕ ಏರಿಕೆಯಿಲ್ಲವೆಂದು ೨೦೦೮ರಲ್ಲಿ ವರದಿ ಮಾಡಿದರು. ಕೆನಡಾದ ವಿದ್ವಾಂಸ ಬೆನ್ನೊ ನಿಗ್ ಮತ್ತು ಅವರ ಸಂಗಡಿಗರು ೨೦೧೫ರಲ್ಲಿ ಈ ಚರ್ಚೆಗಳನ್ನೆಲ್ಲ ಪರಾಮರ್ಶಿಸಿ ಮುಂದಿಟ್ಟ ಸೂತ್ರ ಸರಳವಾದದ್ದು: ಯಾವುದನ್ನು ತೊಟ್ಟು ಓಡಿದಾಗ ಪಾದಕ್ಕೆ ಹಿತವೆನಿಸುವುದೋ ಅದನ್ನೇ ಆರಿಸಿಕೊಳ್ಳುವುದು. ವಿಜ್ಞಾನವು ಇಷ್ಟು ದೂರ ಸುತ್ತಿ ಬಂದು ನಿಂತದ್ದು ಹಳೆಯ ಸಮಗಾರನ ಕಟ್ಟೆಯ ಮುಂದೆಯೇ ಎನ್ನಬಹುದು.

ಇದಕ್ಕೆ ಇತಿಹಾಸದಲ್ಲಿ ಒಂದು ಉಜ್ವಲವಾದ ನಿದರ್ಶನವಿದೆ. ೧೯೬೦ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲನಿಗೆ ಅಲ್ಲಿ ದೊರೆತ ಬೂಟುಗಳು ಕಾಲಿಗೆ ಒಪ್ಪಲಿಲ್ಲ. ಒಪ್ಪದ ಬೂಟಿಗಿಂತ ಬರಿಗಾಲೇ ಲೇಸೆಂದು ಅವನು ೪೨ ಕಿಲೋಮೀಟರಿಗೂ ಮೀರಿದ ಮ್ಯಾರಥಾನನ್ನು ಬರಿಗಾಲಲ್ಲೇ ಓಡಿ, ೨ ಗಂಟೆ ೧೫ ನಿಮಿಷ ೧೬ ಸೆಕೆಂಡುಗಳಲ್ಲಿ ಗೆದ್ದನು. ನಾಲ್ಕು ವರ್ಷಗಳ ಮೇಲೆ, ೧೯೬೪ರಲ್ಲಿ, ಟೋಕಿಯೋದಲ್ಲಿ ಬೂಟು ತೊಟ್ಟು ಓಡಿ ೨ ಗಂಟೆ ೧೨ ನಿಮಿಷ ೧೧ ಸೆಕೆಂಡುಗಳಲ್ಲಿ ಮತ್ತೆ ಗೆದ್ದನು. ಮೊದಲನೆಯ ಗೆಲವನ್ನು ಮಾತ್ರ ನೆನೆದು ಬರಿಗಾಲೇ ಶ್ರೇಷ್ಠವೆನ್ನುವವರೂ, ಎರಡನೆಯದನ್ನು ಮಾತ್ರ ನೆನೆದು ಬೂಟೇ ಶ್ರೇಷ್ಠವೆನ್ನುವವರೂ ಅರ್ಧವನ್ನಷ್ಟೇ ಕಂಡವರು. ಬಿಕಿಲ ಎರಡು ಸಲವೂ ಮಾಡಿದ್ದು ಒಂದೇ ಕೆಲಸ: ಕಾಲಿನ ಮಾತನ್ನು ಕೇಳಿದ್ದು. ಅವನು ಬರಿಗಾಲಲ್ಲಿ ಮೊದಲೇ ಅಭ್ಯಾಸ ಮಾಡಿದ್ದನೆಂಬುದನ್ನೂ ಮರೆಯಬಾರದು. ಜಾಲಿಮುಳ್ಳು, ಗಾಜಿನ ಚೂರುಗಳಿರುವ ನಮ್ಮ ದಾರಿಗಳಲ್ಲಿ ಹೊಸಬರು ಏಕಾಏಕಿ ಬೂಟು ಕಳಚುವುದು ಸಾಹಸವೇ ಹೊರತು ಸಾಧನೆಯಲ್ಲ. ಹಾಗೆಯೇ ೨೦೧೭ರಿಂದೀಚೆಗೆ ಹೆಸರಾದ, ದಪ್ಪ ನೊರೆಯೊಳಗೆ ಇಂಗಾಲದ ತಟ್ಟೆಯನ್ನು ಅಡಗಿಸಿಟ್ಟ ಸ್ಪರ್ಧೆಯ ಬೂಟುಗಳೂ ಹೊಸಬರಿಗೆ ಬೇಡ. ಅವು ಬಲಿತ ಕಾಲಿಗೆಂದು ಮಾಡಿದವು. ಬೆಲೆ ಹೆಚ್ಚು, ಬಾಳಿಕೆ ಕಡಮೆ.

ಬಾಳಿಕೆಯ ಲೆಕ್ಕವನ್ನೂ ಹೇಳಿಬಿಡುವುದು ಲೇಸು. ಸಾಧಾರಣ ಓಟದ ಬೂಟು ಸುಮಾರು ೫೦೦ರಿಂದ ೮೦೦ ಕಿಲೋಮೀಟರಿನವರೆಗೆ ತನ್ನ ಮೆತ್ತೆಯನ್ನು ಉಳಿಸಿಕೊಳ್ಳುತ್ತದೆ. ವಾರಕ್ಕೆ ಐದು ದಿನ, ದಿನಕ್ಕೆ ೪ ಕಿಲೋಮೀಟರ್ ಓಡುವವನಿಗೆ ಅದು ಆರರಿಂದ ಒಂಬತ್ತು ತಿಂಗಳ ಮಾತು. ಅದನ್ನೇ ತೊಟ್ಟು ಕಾಲೇಜಿಗೆ, ಸಂತೆಗೆ, ಮದುವೆಗೆ ತಿರುಗಿದರೆ ಆಯುಸ್ಸು ಅಷ್ಟು ಕುಗ್ಗುತ್ತದೆ. ಮೇಲ್ಭಾಗ ಹೊಸತಾಗಿ ಹೊಳೆಯುತ್ತಿದ್ದರೂ ಅಟ್ಟೆಯ ಬದಿಯಲ್ಲಿ ಸುಕ್ಕುಗಳು ನಿಂತು, ಕಾರಣವಿಲ್ಲದೆ ಮೊಣಕಾಲು ನೋಯತೊಡಗಿದರೆ ಅದರ ಕಾಲ ಮುಗಿಯಿತೆಂದು ತಿಳಿಯಬೇಕು. ನೇಮಕದ ಪರೀಕ್ಷೆಗೆಂದು ಹೊಸ ಬೂಟನ್ನು ಎತ್ತಿಟ್ಟು, ಆ ದಿನವೇ ಮೊದಲು ತೊಡುವ ಪರಿಪಾಠ ಕೆಟ್ಟದ್ದು. ಎರಡು ಮೂರು ವಾರವಾದರೂ ಅದರಲ್ಲಿ ಓಡಿರಬೇಕು.

ಇಷ್ಟನ್ನು ಹೇಳಿದ ಮೇಲೆಯೂ ಒಂದು ಸತ್ಯ ಉಳಿಯುತ್ತದೆ. ಹೊಸಬರ ನೋವಿಗೆ ಬೂಟಿಗಿಂತ ದೊಡ್ಡ ಕಾರಣ ಆತುರ. ಎದೆಯ ಉಸಿರು ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗುತ್ತದೆ. ಎಲುಬು, ನರಕಟ್ಟುಗಳು ಒಗ್ಗಲು ತಿಂಗಳುಗಳು ಬೇಕು. ಉಸಿರಿದೆಯೆಂದು ಓಡಿದವನನ್ನು ಎಲುಬು ತಡೆದು ನಿಲ್ಲಿಸುತ್ತದೆ. ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಆರಂಭಿಸಿ, ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ವಾರಕ್ಕೆ ಎರಡು ದಿನವಾದರೂ ವಿಶ್ರಾಂತಿ ಕೊಟ್ಟರೆ ಸಾಧಾರಣ ಬೂಟೂ ಉತ್ತಮವಾಗಿ ನಡೆದುಕೊಳ್ಳುತ್ತದೆ. ಪ್ರಕಟಣೆ ಹೊರಬಿದ್ದ ಮೇಲೆ ಓಟವನ್ನು ಆರಂಭಿಸುವವನಿಗೆ ಯಾವ ಬೂಟೂ ನೆರವಾಗದು. ಇದನ್ನು ಹೇಳಿಕೊಡುವ ಕೆಲಸ ನಮ್ಮ ಶಾಲೆ ಕಾಲೇಜುಗಳ ದೈಹಿಕ ಶಿಕ್ಷಕರದು ಮಾತ್ರವಲ್ಲ, ನಮ್ಮೆಲ್ಲರದು. ಪರೀಕ್ಷೆಗೆ ಯಾವ ಪುಸ್ತಕ ಓದಬೇಕೆಂದು ಹೇಳುವ ಅಧ್ಯಾಪಕನು, ಯಾವ ಬೂಟಿಗೆ ಹಣ ಸುರಿಯಬೇಕಾಗಿಲ್ಲವೆಂದೂ ಹೇಳಬಲ್ಲವನಾಗಬೇಕು.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಎಲ್ಲರಿಗೂ ತಿಳಿದದ್ದೇ. ಬೂಟಿನ ವಿಷಯದಲ್ಲಿ ಆ ಗಾದೆಯನ್ನು ಕೊಂಚ ತಿರುಗಿಸಿಕೊಳ್ಳಬೇಕು: ಇಲ್ಲಿ ಕಾಲಿದ್ದಷ್ಟು ಜೋಡು. ಕಾಲನ್ನು ಅಳೆದು, ನೆಲವನ್ನು ನೋಡಿ, ತೊಟ್ಟು ಓಡಿ, ಹಿತವಾದದ್ದನ್ನು ಕೊಳ್ಳುವ ಹುಡುಗನಿಗೆ ಒಂದೆರಡು ಸಾವಿರ ರೂಪಾಯಿಯೊಳಗೆ ಕೆಲಸ ಮುಗಿಯುತ್ತದೆ. ಹೆಸರಿಗೆಂದು ಕೊಡದೆ ಉಳಿಸಿದ ಹಣದಲ್ಲಿ ಎರಡು ಜೊತೆ ಒಳ್ಳೆಯ ಕಾಲುಚೀಲಗಳೂ, ದಿನಕ್ಕೊಂದು ಹಿಡಿ ಶೇಂಗಾ, ಒಂದು ತುಂಡು ಬೆಲ್ಲವೂ ಬಹುದಿನ ಬರುತ್ತವೆ. ಓಡುವ ಕಾಲಿಗೆ ಅವುಗಳ ಅಗತ್ಯ ಬೂಟಿನ ಗುರುತಿಗಿಂತ ಹೆಚ್ಚು.